ಎಣ್ಣೆಬಾವಿಗೆ ಹೋದ ಗುಡ್ಡಗಳು

2014ರ ಸುಮಾರಿಗೆ ಅಮೆರಿಕದ ಉತ್ತರ ಭಾಗದಲ್ಲಿರುವ ವಿಸ್ಕಾನ್ಸಿನ್ ರಾಜ್ಯದಿಂದ ನೂರು ನೂರು ವ್ಯಾಗನ್ನುಗಳ ಗೂಡ್ಸ್ ರೈಲುಗಳು ಸಾಲುಸಾಲಾಗಿ ಹೊರಡುತ್ತಿದ್ದವು. ಒಂದೊಂದು ವ್ಯಾಗನ್ನಿನಲ್ಲಿ ಸುಮಾರು 100 ಟನ್ ಸರಕು. ಅದು ಕಲ್ಲಿದ್ದಲಲ್ಲ, ಗೋಧಿಯಲ್ಲ, ಬರೀ ಮರಳು. ಆ ಮರಳು ಹೋಗಿ ಸೇರುತ್ತಿದ್ದ ಜಾಗಗಳಲ್ಲಿ ಪಶ್ಚಿಮ ಟೆಕ್ಸಾಸ್ ಒಂದು. ಸುಮಾರು 2,000 ಕಿಲೋಮೀಟರ್ ದಾರಿ. ದಿಲ್ಲಿಯಿಂದ ಬೆಂಗಳೂರಿಗೆ ಮರಳು ತರಿಸಿದ ಹಾಗೆ.

ಪಶ್ಚಿಮ ಟೆಕ್ಸಾಸಿನಲ್ಲಿ ಮರಳಿಗೆ ಬರವಿತ್ತೇ? ಇಲ್ಲ. ಅಲ್ಲಿನ ಕರ್ಮಿಟ್, ಮೊನಹಾನ್ಸ್ ಎಂಬ ಊರುಗಳ ಸುತ್ತ ಮೈಲಿಗಟ್ಟಲೆ ಮರಳಿನ ದಿಬ್ಬಗಳೇ ಹರಡಿಕೊಂಡಿವೆ. ಎಣ್ಣೆಬಾವಿ ತೋಡುವವರು ಆ ದಿಬ್ಬಗಳ ಪಕ್ಕದಲ್ಲೇ ಲಾರಿ ಓಡಿಸಿಕೊಂಡು ಹೋಗಿ, ದೇಶದ ಇನ್ನೊಂದು ತುದಿಯಿಂದ ಬಂದ ಮರಳನ್ನು ಬಾವಿಗೆ ಸುರಿಯುತ್ತಿದ್ದರು. ಮೂರು ವರ್ಷ ಕಳೆಯುವುದರೊಳಗೆ ಅದೇ ಜನ ಆ ದಿಬ್ಬಗಳನ್ನೇ ಅಗೆಯತೊಡಗಿದರು. ಉತ್ತರದ ರೈಲುಗಳು ಕಡಿಮೆಯಾದವು, ಅಲ್ಲಿನ ಗಣಿಗಳು ಒಂದೊಂದಾಗಿ ನಿಂತವು.

ಅಷ್ಟು ದೂರದಿಂದ ಏಕೆ ತರಿಸಿದರು, ಆಮೇಲೆ ಏಕೆ ಬಿಟ್ಟರು ಎಂಬ ಎರಡು ಪ್ರಶ್ನೆಗಳ ನಡುವೆ ನೂರಾರು ರೈತ ಕುಟುಂಬಗಳ ಬದುಕು ಮಗುಚಿತು. ಒಂದು ಖನಿಜದ ಗುಣ ಅದು ಹುಟ್ಟಿದ ನೆಲದಲ್ಲಿದ್ದರೂ ಅದರ ಬೆಲೆ ಬೇರೆಲ್ಲೋ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಬಾವಿಗೆ ಮರಳೇಕೆ?

ಭೂಮಿಯ ಆಳದಲ್ಲಿ ಎಣ್ಣೆ ಕೆರೆಯ ಹಾಗೆ ನಿಂತಿರುವುದಿಲ್ಲ. ಅದು ಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ಸೇರಿಕೊಂಡಿರುತ್ತದೆ. ರಂಧ್ರಗಳು ಒಂದಕ್ಕೊಂದು ಕೂಡಿಕೊಂಡಿದ್ದರೆ ಎಣ್ಣೆ ಬಾವಿಯ ಕಡೆ ಹರಿಯುತ್ತದೆ. ಕಲ್ಲು ಬಿಗಿಯಾಗಿದ್ದರೆ ಅಲ್ಲೇ ಉಳಿಯುತ್ತದೆ. ಬಿಗಿ ಕಲ್ಲನ್ನು ಒಡೆಯುವ ಯೋಚನೆ ಎಣ್ಣೆ ಉದ್ಯಮದಷ್ಟೇ ಹಳೆಯದು. 1860ರ ದಶಕದಲ್ಲಿ ಎಡ್ವರ್ಡ್ ರಾಬರ್ಟ್ಸ್ ಎಂಬ ಮಾಜಿ ಸೇನಾಧಿಕಾರಿ ಪೆನ್ಸಿಲ್ವೇನಿಯಾದ ಬಾವಿಗಳಲ್ಲಿ ಸ್ಫೋಟಕ ಇಳಿಸಿ ಸಿಡಿಸುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದ. ಅದರಿಂದ ಎಣ್ಣೆಯೂ ಹೆಚ್ಚಿತು, ಅಪಘಾತಗಳೂ ಹೆಚ್ಚಿದವು.

ಸ್ಫೋಟದ ಬದಲು ಒತ್ತಡದಿಂದ ಕಲ್ಲನ್ನು ಸೀಳುವ ಪ್ರಯೋಗ ನಡೆದದ್ದು 1947ರಲ್ಲಿ, ಕ್ಯಾನ್ಸಸ್ ರಾಜ್ಯದ ಹ್ಯೂಗಟನ್ ಅನಿಲ ಕ್ಷೇತ್ರದಲ್ಲಿ. ಸ್ಟ್ಯಾನೊಲಿಂಡ್ ಕಂಪನಿಯ ಎಂಜಿನಿಯರುಗಳು ಗಟ್ಟಿಗೊಳಿಸಿದ ಪೆಟ್ರೋಲನ್ನು ಭಾರಿ ಒತ್ತಡದಲ್ಲಿ ಬಾವಿಗೆ ಪಂಪ್ ಮಾಡಿದರು. ಕಲ್ಲು ಬಿರುಕು ಬಿಟ್ಟಿತು, ಆದರೆ ಅನಿಲದ ಹರಿವು ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. ಹಾಗಂತ ಅವರು ಕೈಬಿಡಲಿಲ್ಲ. 1949ರ ಮಾರ್ಚ್ 17ರಂದು ಹ್ಯಾಲಿಬರ್ಟನ್ ಕಂಪನಿ ಓಕ್ಲಹೋಮಾ ಮತ್ತು ಟೆಕ್ಸಾಸಿನ ಎರಡು ಬಾವಿಗಳಲ್ಲಿ ಈ ವಿಧಾನವನ್ನು ಮೊದಲ ಸಲ ವ್ಯಾಪಾರಕ್ಕೆ ಬಳಸಿತು. ಮೊದಲ ವರ್ಷವೇ 332 ಬಾವಿಗಳಿಗೆ ಈ ಚಿಕಿತ್ಸೆ ಆಯಿತು, ಉತ್ಪಾದನೆ ಸರಾಸರಿ ಶೇ 75ರಷ್ಟು ಏರಿತು.

ಮರಳಿನ ಪಾತ್ರ ಇಲ್ಲಿಂದ ಶುರು. ಪಂಪ್ ನಿಲ್ಲಿಸಿದ ಕೂಡಲೇ ಮೇಲಿನ ಕಲ್ಲಿನ ಭಾರಕ್ಕೆ ಬಿರುಕು ಮತ್ತೆ ಮುಚ್ಚಿಕೊಳ್ಳುತ್ತದೆ. ಗಾಳಿಗೆ ಬಾಗಿಲು ಬಡಿಯದಂತೆ ಸಂದಿಗೆ ಒಂದು ಕಲ್ಲು ಇಡುತ್ತೇವಲ್ಲ, ಬಿರುಕಿಗೂ ಅಂಥದೊಂದು ತಡೆ ಬೇಕು. ದ್ರವದ ಜೊತೆ ಮರಳನ್ನೂ ಕಲಸಿ ನುಗ್ಗಿಸಿದರೆ ಕಾಳುಗಳು ಬಿರುಕಿನಲ್ಲಿ ಉಳಿದು ಅದನ್ನು ತೆರೆದಿಡುತ್ತವೆ. ಕಾಳುಗಳ ನಡುವಿನ ಸಂದಿಗಳಲ್ಲಿ ಎಣ್ಣೆ ಹರಿದು ಬರುತ್ತದೆ. ಉದ್ಯಮದ ಭಾಷೆಯಲ್ಲಿ ಇದಕ್ಕೆ ಪ್ರಾಪಂಟ್ ಎನ್ನುತ್ತಾರೆ. ಮೊದಮೊದಲು ಜರಡಿ ಹಿಡಿದ ಹೊಳೆಯ ಮರಳನ್ನೇ ಬಳಸಿದರು. ಪ್ಲಾಸ್ಟಿಕ್ ಮಣಿ, ಗಾಜಿನ ಮಣಿ, ಅಕ್ರೋಟಿನ ಚಿಪ್ಪಿನ ಚೂರು, ಸುಟ್ಟ ಬಾಕ್ಸೈಟಿನ ಗುಂಡು ಎಲ್ಲವೂ ಮುಂದಿನ ದಶಕಗಳಲ್ಲಿ ಬಂದವು. ಅಗ್ಗಕ್ಕೆ ಅಗ್ಗ, ಗಟ್ಟಿಗೆ ಗಟ್ಟಿ ಎಂದು ಕೊನೆಗೂ ಗೆದ್ದದ್ದು ಮರಳೇ.

ಎಲ್ಲ ಮರಳೂ ಒಂದಲ್ಲ

ಮನೆ ಕಟ್ಟುವವರಿಗೆ ಒರಟು ಮರಳು ಬೇಕು. ಕೋನಗಳಿದ್ದರೆ ಸಿಮೆಂಟಿನ ಜೊತೆ ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಎಣ್ಣೆಬಾವಿಗೆ ಬೇಕಾದದ್ದು ಇದಕ್ಕೆ ಪೂರ್ತಿ ವಿರುದ್ಧ: ಗೋಲಿಯ ಹಾಗೆ ದುಂಡಗಿನ, ಹೆಚ್ಚುಕಡಿಮೆ ಒಂದೇ ಗಾತ್ರದ, ಅಪ್ಪಟ ಸ್ಫಟಿಕದ ಕಾಳು. ದುಂಡಗಿನ ಕಾಳುಗಳನ್ನು ರಾಶಿ ಹಾಕಿದರೆ ನಡುವೆ ಸಂದಿ ಚೆನ್ನಾಗಿ ಉಳಿಯುತ್ತದೆ. ಒತ್ತಡವೂ ಎಲ್ಲ ಕಡೆ ಸಮನಾಗಿ ಹಂಚಿಹೋಗುತ್ತದೆ. ಕೋನವಿರುವ ಕಾಳಿನಲ್ಲಿ ಒತ್ತಡ ಮೂಲೆಗೆ ಸೇರಿ ಕಾಳು ಪುಡಿಯಾಗುತ್ತದೆ. ಆ ಪುಡಿ ಸಂದಿಗಳನ್ನು ಮುಚ್ಚುತ್ತದೆ.

ಗಾತ್ರವನ್ನು ಜರಡಿಯ ಕಣ್ಣಿನಿಂದ ಹೇಳುತ್ತಾರೆ. 20/40 ಎಂದರೆ ಸುಮಾರು 0.84 ಮಿಲಿಮೀಟರಿನ ಕಣ್ಣಿನಿಂದ ಇಳಿದು, 0.42 ಮಿಲಿಮೀಟರಿನ ಕಣ್ಣಿನ ಮೇಲೆ ನಿಂತ ಮರಳು. ನಮ್ಮ ಲೆಕ್ಕದಲ್ಲಿ ಉಪ್ಪಿಟ್ಟಿನ ರವೆ. 100 ಮೆಷ್ ಎಂಬುದು ಚಿರೋಟಿ ರವೆಗೆ ಹತ್ತಿರ. ಬಹಳ ಕಾಲ ಬಾವಿಗಳಲ್ಲಿ ನಡೆದದ್ದು ಉಪ್ಪಿಟ್ಟಿನ ರವೆಯ ಗಾತ್ರದ್ದೇ. ಈ ಗಾತ್ರದ ವಿಚಾರ ನೆನಪಿರಲಿ. ಮುಂದೆ ಇಡೀ ಕಥೆ ತಿರುಗುವುದು ಇದರ ಮೇಲೆ.

ಇಂಥ ಗುಂಡು ಮರಳಿಗೆ ಹೆಸರಾದದ್ದು ಇಲಿನಾಯ್ ರಾಜ್ಯದ ಒಟಾವಾ ಪಟ್ಟಣ. ಅಲ್ಲಿ ನೆಲದಡಿ ಇರುವುದು ಸೇಂಟ್ ಪೀಟರ್ ಎಂಬ ಮರಳುಗಲ್ಲಿನ ಪದರ. 19ನೇ ಶತಮಾನದಿಂದಲೂ ಅಲ್ಲಿನ ಮರಳು ಗಾಜಿನ ಕುಲುಮೆಗಳಿಗೆ, ಎರಕದ ಅಚ್ಚುಗಳಿಗೆ ಹೋಗುತ್ತಿತ್ತು. ಸಿಮೆಂಟಿನ ಬಲವನ್ನು ಪರೀಕ್ಷಿಸಲು ಪ್ರಯೋಗಾಲಯಗಳು ಬಳಸುವ ಪ್ರಮಾಣಿತ ಮರಳು ಕೂಡ ಒಟಾವಾದ್ದೇ. ಅದೇ ಪದರ, ಅದಕ್ಕಿಂತಲೂ ಹಳೆಯದಾದ ಜೋರ್ಡನ್, ವೊನವಾಕ್, ಮೌಂಟ್ ಸೈಮನ್ ಎಂಬ ಪದರಗಳು ಉತ್ತರಕ್ಕೆ ವಿಸ್ಕಾನ್ಸಿನ್ ಮತ್ತು ಮಿನ್ನೆಸೋಟಾದಲ್ಲಿ ಮೇಲೆದ್ದು ಕಾಣುತ್ತವೆ.

ಸುಮಾರು 50 ಕೋಟಿ ವರ್ಷಗಳ ಹಿಂದೆ ಅಲ್ಲಿ ಆಳವಿಲ್ಲದ ಸಮುದ್ರವಿತ್ತು. ನೆಲದ ಮೇಲೆ ಮರಗಿಡ ಇನ್ನೂ ಹುಟ್ಟಿರಲಿಲ್ಲ, ಮಣ್ಣನ್ನು ಹಿಡಿದಿಡಲು ಬೇರುಗಳಿರಲಿಲ್ಲ. ಗಾಳಿ ಮತ್ತು ಅಲೆ ಆ ಮರಳನ್ನು ಮತ್ತೆ ಮತ್ತೆ ಉರುಳಿಸಿದವು. ಮೆತ್ತಗಿನ ಖನಿಜಗಳೆಲ್ಲ ಸವೆದುಹೋಗಿ ಗಟ್ಟಿ ಸ್ಫಟಿಕ ಮಾತ್ರ ಉಳಿಯಿತು. ಕೆಲವೆಡೆ ಶೇ 99ಕ್ಕಿಂತ ಹೆಚ್ಚು. ಕಾಳುಗಳ ನಡುವಿನ ಅಂಟು ದುರ್ಬಲವಾಗಿರುವುದರಿಂದ ಈ ಕಲ್ಲು ಸುಲಭವಾಗಿ ಬಿಡಿಬಿಡಿಯಾಗುತ್ತದೆ. ಇನ್ನೊಂದು ಅನುಕೂಲ ಹಿಮಯುಗದ್ದು. ಸುತ್ತಲ ನಾಡನ್ನೆಲ್ಲ ಹಿಮನದಿಗಳು ಉಜ್ಜಿ ಮಣ್ಣು ಕಲ್ಲುಗಳ ದಪ್ಪ ಹೊದಿಕೆ ಹಾಸಿದರೂ, ಪಶ್ಚಿಮ ವಿಸ್ಕಾನ್ಸಿನ್ನಿನ ದೊಡ್ಡ ಭಾಗ ಕಳೆದ ಹಿಮಯುಗದಲ್ಲಿ ಅದರಿಂದ ತಪ್ಪಿಸಿಕೊಂಡಿತು. ಹಾಗಾಗಿ ಅಲ್ಲಿ ಕಡಿದಾದ ಗುಡ್ಡಗಳು, ಕಿರಿದಾದ ಕಣಿವೆಗಳು ಉಳಿದವು. ತೆಳ್ಳನೆಯ ಮಣ್ಣಿನ ಕೆಳಗೇ ಮರಳುಗಲ್ಲು ಸಿಗುತ್ತದೆ.

ಈ ನೆಲ ಹೋ-ಚಂಕ್ ಮತ್ತು ಡಕೋಟಾ ಜನರದ್ದಾಗಿತ್ತು. 1837ರ ಒಪ್ಪಂದಗಳ ಮೂಲಕ ಅದು ಅವರ ಕೈತಪ್ಪಿತು. ಆಮೇಲೆ ಬಂದು ನೆಲೆಸಿದವರು ಕಣಿವೆಯಲ್ಲಿ ಜೋಳ ಬೆಳೆದರು, ಇಳಿಜಾರಿನಲ್ಲಿ ಹಸು ಮೇಯಿಸಿದರು. ಗುಡ್ಡದ ನೆತ್ತಿ ಕಾಡಿಗೆ ಬಿಟ್ಟದ್ದು. ಹಾಲಿನ ನಾಡು ಎಂದು ಆ ರಾಜ್ಯದ ವಾಹನಗಳ ನಂಬರ್ ಫಲಕದ ಮೇಲೇ ಬರೆದಿರುತ್ತದೆ. ಗುಡ್ಡದ ಕಲ್ಲಿಗೆ ಒಂದು ದಿನ ಬೆಲೆ ಬರುತ್ತದೆಂದು ಯಾರೂ ಎಣಿಸಿರಲಿಲ್ಲ.

ಬೇಡಿಕೆ ಉಕ್ಕಿದ್ದು

ಬೆಲೆ ಬಂದದ್ದು ಟೆಕ್ಸಾಸಿನ ಒಬ್ಬ ಹಟಮಾರಿಯಿಂದ. ಗ್ರೀಸಿನಿಂದ ವಲಸೆ ಬಂದವರ ಮಗ ಜಾರ್ಜ್ ಮಿಚೆಲ್, ಫೋರ್ಟ್ ವರ್ತ್ ನಗರದ ಸುತ್ತ ಇರುವ ಬಾರ್ನೆಟ್ ಶೇಲ್ ಎಂಬ ಬಿಗಿಯಾದ ಜೇಡಿಗಲ್ಲಿನಿಂದ ಅನಿಲ ತೆಗೆಯಲು 1981ರಿಂದ ಹಣ ಸುರಿಯುತ್ತಲೇ ಬಂದ. ಆ ಕಾಲದ ಪದ್ಧತಿಯಂತೆ ಮಂದವಾದ, ದುಬಾರಿಯಾದ ಜೆಲ್ ಪಂಪ್ ಮಾಡುತ್ತಿದ್ದರು. ಖರ್ಚು ಮೀರಿಹೋಗುತ್ತಿತ್ತು. ಅವನ ಕಂಪನಿಯ ಎಂಜಿನಿಯರ್ ನಿಕ್ ಸ್ಟೈನ್ಸ್‌ಬರ್ಗರ್ 1997ರಿಂದ ಜೆಲ್ ಬಿಟ್ಟು ಹೆಚ್ಚಾಗಿ ನೀರನ್ನೇ ಬಳಸಿ ನೋಡಿದ. ಜಾರಿಕೆಗೆ ಸ್ವಲ್ಪ ರಸಾಯನ, ಜೊತೆಗೆ ಮರಳು. 1998ರಲ್ಲಿ ಎಸ್.ಎಚ್. ಗ್ರಿಫಿನ್ ಹೆಸರಿನ ಬಾವಿಯಲ್ಲಿ ಇದು ಗೆದ್ದಿತು. 2002ರಲ್ಲಿ ಡೆವನ್ ಎನರ್ಜಿ ಎಂಬ ಕಂಪನಿ 300 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಮಿಚೆಲ್‌ನ ಕಂಪನಿಯನ್ನು ಕೊಂಡಿತು. ಬಾವಿಯನ್ನು ಕೆಳಕ್ಕೆ ಕೊರೆದು ಆಮೇಲೆ ಅಡ್ಡಡ್ಡ ತಿರುಗಿಸುವ ವಿದ್ಯೆಯೂ ಇದಕ್ಕೆ ಸೇರಿಕೊಂಡಿತು.

ನೀರು ಜೆಲ್ಲಿನಷ್ಟು ಮರಳನ್ನು ಹೊರುವುದಿಲ್ಲ, ಕಾಳು ಬೇಗ ತಳ ಸೇರುತ್ತದೆ. ಆದ್ದರಿಂದ ನೀರೂ ಹೆಚ್ಚು ಬೇಕು, ಮರಳೂ ಹೆಚ್ಚು ಬೇಕು. ಅಡ್ಡಬಾವಿ ಒಂದೆರಡು ಮೈಲಿ ಉದ್ದವಾದಾಗ ಒಂದೇ ಬಾವಿಗೆ ಸಾವಿರಾರು ಟನ್ ಮರಳು ಹೋಗತೊಡಗಿತು. ಅಂದರೆ ಒಂದು ಬಾವಿಗೆ ಹಲವು ಹತ್ತು ವ್ಯಾಗನ್, ಕೆಲವೊಮ್ಮೆ ಇಡೀ ಒಂದು ರೈಲು. ಅಮೆರಿಕದಲ್ಲಿ ಕೈಗಾರಿಕಾ ಮರಳಿನ ವಾರ್ಷಿಕ ಉತ್ಪಾದನೆ 2005ರ ಸುಮಾರಿಗೆ 3 ಕೋಟಿ ಟನ್ ಆಸುಪಾಸಿನಲ್ಲಿತ್ತು. 2014ರಲ್ಲಿ ಅದು 10 ಕೋಟಿ ಟನ್ ದಾಟಿತು. ಹೆಚ್ಚಿದ್ದರಲ್ಲಿ ಬಹುಪಾಲು ಹೋದದ್ದು ಎಣ್ಣೆ ಮತ್ತು ಅನಿಲದ ಬಾವಿಗಳಿಗೆ.

2010ರಲ್ಲಿ ವಿಸ್ಕಾನ್ಸಿನ್ನಿನಲ್ಲಿ ಇಂಥ ಮರಳಿನ ಗಣಿಗಳು ಬೆರಳೆಣಿಕೆಯಷ್ಟಿದ್ದವು. 2016ರ ಹೊತ್ತಿಗೆ ಗಣಿ, ತೊಳೆಯುವ ಘಟಕ, ರೈಲಿಗೆ ತುಂಬುವ ಜಾಗ ಎಲ್ಲ ಸೇರಿ ಸುಮಾರು 130 ಇದ್ದವು.

ಗುಡ್ಡ ಗಣಿಯಾಗುವ ಬಗೆ

ಮೊದಲು ಬರುತ್ತಿದ್ದವನು ಜಮೀನಿನ ದಲ್ಲಾಳಿ. ಅಡುಗೆಮನೆಯ ಮೇಜಿನ ಮೇಲೆ ಒಪ್ಪಂದದ ಕಾಗದ ಹರಡುತ್ತಿದ್ದ. ಹಾಲಿನ ದರದಲ್ಲಿ ಏಗಲಾರದೆ ಹಸು ಮಾರುತ್ತಿದ್ದ ಕುಟುಂಬಕ್ಕೆ ಹೊಲದ ಬೆಲೆಯ ಹಲವು ಪಟ್ಟು ಮೊತ್ತ ಕಣ್ಣೆದುರು ಬರುತ್ತಿತ್ತು. ಒಪ್ಪಿದ ಮೇಲೆ ಕೊಳವೆ ಕೊರೆದು ಕಲ್ಲಿನ ಮಾದರಿ ತೆಗೆಯುತ್ತಿದ್ದರು. ಯಾವ ಆಳದಲ್ಲಿ ಯಾವ ಗಾತ್ರದ ಕಾಳು ಎಷ್ಟು ಪಾಲು, ಎಷ್ಟು ದುಂಡಗಿದೆ, ಎಷ್ಟು ಒತ್ತಡಕ್ಕೆ ಪುಡಿಯಾಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದರು. ದಪ್ಪ ಕಾಳಿನ ಪಾಲು ಹೆಚ್ಚಿದ್ದರೆ ಗುಡ್ಡಕ್ಕೆ ಬೆಲೆ ಹೆಚ್ಚು. ಹತ್ತಿರದಲ್ಲಿ ರೈಲು ಹಳಿ ಇದ್ದರೆ ಇನ್ನೂ ಹೆಚ್ಚು. ಎಷ್ಟೇ ಒಳ್ಳೆಯ ಮರಳಾದರೂ ಹಳಿಯಿಂದ ದೂರವಿದ್ದರೆ ಗಿಟ್ಟುವುದಿಲ್ಲ. ಬಾವಿಗೆ ಮುಟ್ಟಿದ ಮರಳಿನ ಬೆಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಸಾಗಣೆಯ ಖರ್ಚೇ ಇರುವುದು ಮಾಮೂಲಾಗಿತ್ತು.

ಅನುಮತಿ ಸಿಕ್ಕ ಮೇಲೆ ಮೇಲ್ಮಣ್ಣನ್ನು ಕೆತ್ತಿ ಅಂಚಿಗೆ ದಿಬ್ಬ ಹಾಕುತ್ತಾರೆ. ಗಣಿ ಮುಗಿದ ಮೇಲೆ ಅದನ್ನೇ ಮತ್ತೆ ಹಾಸಬೇಕು. ಮರಳುಗಲ್ಲನ್ನು ಸಿಡಿಸಿ, ಪುಡಿಮಾಡಿ, ನೀರಿನಲ್ಲಿ ತೊಳೆಯುತ್ತಾರೆ. ಜೇಡಿ ಮತ್ತು ನುಸಿಯಂಥ ಪುಡಿ ನೀರಿನೊಂದಿಗೆ ಕೊಳಗಳಿಗೆ ಹೋಗುತ್ತದೆ. ಅದು ಬೇಗ ತಳ ಸೇರಲೆಂದು ರಸಾಯನ ಬೆರೆಸಿ, ತಿಳಿಯಾದ ನೀರನ್ನು ಮರಳಿ ಬಳಸುತ್ತಾರೆ. ವಿಸ್ಕಾನ್ಸಿನ್ನಿನ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವುದರಿಂದ ತೊಳೆಯುವ ಕೆಲಸ ನಿಲ್ಲುತ್ತದೆ. ಆದ್ದರಿಂದ ಬೇಸಿಗೆಯಲ್ಲೇ ತೊಳೆದು ಮನೆಗಳಿಗಿಂತ ಎತ್ತರದ ರಾಶಿ ಹಾಕಿಟ್ಟುಕೊಂಡು, ಒಣಗಿಸುವ ಯಂತ್ರಗಳನ್ನು ವರ್ಷವಿಡೀ ಓಡಿಸುತ್ತಾರೆ. ಒಣಗಿದ ಮರಳನ್ನು ಜರಡಿಗಳಲ್ಲಿ ಗಾತ್ರದ ಪ್ರಕಾರ ಬೇರ್ಪಡಿಸಿ, ಎತ್ತರದ ಉಗ್ರಾಣಗಳಲ್ಲಿ ತುಂಬಿ, ಕೆಳಗೆ ಬಂದು ನಿಲ್ಲುವ ವ್ಯಾಗನ್ನಿಗೆ ಇಳಿಸುತ್ತಾರೆ.

ಕೊಳಗಳು ಅಪಾಯವಿಲ್ಲದವಲ್ಲ ಎಂಬುದು 2018ರ ಮೇ ತಿಂಗಳಲ್ಲಿ ಗೊತ್ತಾಯಿತು. ವೈಟ್‌ಹಾಲ್ ಪಟ್ಟಣದ ಬಳಿಯ ಗಣಿಯಲ್ಲಿ ಬುಲ್ಡೋಜರೊಂದು ಚಾಲಕನ ಸಮೇತ ಕೊಳಕ್ಕೆ ಜಾರಿತು. ಅವನನ್ನು ಉಳಿಸಲು ಕೊಳದ ಸುಮಾರು 1 ಕೋಟಿ ಗ್ಯಾಲನ್, ಅಂದರೆ 3.8 ಕೋಟಿ ಲೀಟರ್‌ನಷ್ಟು ಕೆಸರುನೀರನ್ನು ಹೊರಬಿಡಬೇಕಾಯಿತು. ಚಾಲಕ ಬದುಕಿದ. ಟ್ರೆಂಪೆಲೋ ನದಿ ಕಿತ್ತಳೆ ಬಣ್ಣಕ್ಕೆ ತಿರುಗಿತು.

ಮೂವರ ಪಂಚಾಯಿತಿ

ಈ ಗಣಿಗಳಿಗೆ ಅನುಮತಿ ಕೊಡುವವರು ಯಾರು? ವಾಷಿಂಗ್ಟನ್ನಿನಲ್ಲಿ ಕೂತ ದೊಡ್ಡ ಅಧಿಕಾರಿಗಳಲ್ಲ. ವಿಸ್ಕಾನ್ಸಿನ್ನಿನಲ್ಲಿ ಗಾಳಿ, ನೀರಿನ ಪರವಾನಗಿ ರಾಜ್ಯದ್ದು. ಗಣಿ ಮುಗಿದ ಮೇಲೆ ನೆಲವನ್ನು ಸರಿಪಡಿಸುವ ಯೋಜನೆಗೆ ಒಪ್ಪಿಗೆ ಸಾಮಾನ್ಯವಾಗಿ ಕೌಂಟಿಯದ್ದು, ಅಂದರೆ ನಮ್ಮ ಜಿಲ್ಲೆಯಂಥದ್ದು. ಆದರೆ ಗುಡ್ಡವನ್ನು ಗಣಿಯಾಗಿಸಬಹುದೇ ಎಂಬ ಮೂಲ ಪ್ರಶ್ನೆ ಎಷ್ಟೋ ಕಡೆ ಬಂದು ನಿಂತದ್ದು ಟೌನ್ ಎಂಬ ಹಳ್ಳಿ ಆಡಳಿತದ ಮುಂದೆ. ಅದರ ಮಂಡಳಿಯಲ್ಲಿ ಸಾಮಾನ್ಯವಾಗಿ ಮೂವರು ಸದಸ್ಯರು. ರಸ್ತೆಯ ಹಿಮ ತೆಗೆಸುವುದು, ಗುಂಡಿ ಮುಚ್ಚಿಸುವುದು ಅವರ ದಿನನಿತ್ಯದ ಕೆಲಸ. ಈಗ ಕೋಟ್ಯಂತರ ಡಾಲರಿನ ಕಂಪನಿಯ ವಕೀಲರು ಅವರೆದುರು ಕುಳಿತರು. ಸಭೆಗೆ ಬಂದವರಲ್ಲಿ ಜಮೀನು ಮಾರಲು ಹೊರಟವನೂ ಇದ್ದ, ಅವನ ಬೇಲಿಯಾಚೆಯ ನೆರೆಯವನೂ ಇದ್ದ. ಒಬ್ಬನಿಗೆ ಹಣ; ಇನ್ನೊಬ್ಬನಿಗೆ ಲಾರಿಗಳ ಸದ್ದು, ರಾತ್ರಿಯ ದೀಪ, ದೂಳು. ಒಂದೇ ಚರ್ಚಿಗೆ ಹೋಗುತ್ತಿದ್ದ ಮನೆಗಳ ನಡುವೆ ಮಾತು ನಿಂತಿತು.

ಕೆಲವು ಹಳ್ಳಿಗಳು ನಿಯಮ ಬರೆದುಕೊಂಡವು. ಚಿಪ್ಪೆವಾ ಕೌಂಟಿಯ ಕುಕ್ಸ್ ವ್ಯಾಲಿ ಎಂಬ ಪುಟ್ಟ ಟೌನ್, ಗಣಿ ತೆರೆಯುವವರು ತನ್ನ ಅನುಮತಿ ಪಡೆಯಬೇಕು ಎಂಬ ಕಾನೂನು ಮಾಡಿತು. ಇದು ವಲಯ ನಿಯಂತ್ರಣದ ಕಾನೂನು, ಕೌಂಟಿ ಒಪ್ಪಿಗೆಯಿಲ್ಲದೆ ಟೌನಿಗೆ ಇಂಥ ಅಧಿಕಾರವಿಲ್ಲ ಎಂದು ಜಮೀನಿನವರು ಕೋರ್ಟಿಗೆ ಹೋದರು. 2012ರ ಫೆಬ್ರುವರಿಯಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ಇದು ವಲಯ ನಿಯಂತ್ರಣವಲ್ಲ, ಊರಿನ ಜನರ ಕ್ಷೇಮಕ್ಕಾಗಿ ಹಳ್ಳಿ ಬಳಸಬಹುದಾದ ಅಧಿಕಾರ ಎಂದು ತೀರ್ಪು ಕೊಟ್ಟಿತು. ಟ್ರೆಂಪೆಲೋ ಕೌಂಟಿ ಎರಡು ಡಜನಿನಷ್ಟು ಅನುಮತಿ ಕೊಟ್ಟ ಮೇಲೆ, 2013ರ ಆಗಸ್ಟಿನಲ್ಲಿ ಆರೋಗ್ಯದ ಪರಿಣಾಮ ತಿಳಿಯುವವರೆಗೆ ಎಂದು ಹೊಸ ಗಣಿಗಳಿಗೆ ಒಂದು ವರ್ಷದ ತಡೆ ಹಾಕಿತು.

ಕಂಪನಿಗಳೂ ದಾರಿ ಹುಡುಕಿದವು. ಇಂಡಿಪೆಂಡೆನ್ಸ್, ವೈಟ್‌ಹಾಲ್‌ನಂಥ ಸಣ್ಣ ಪಟ್ಟಣಗಳು ಗಣಿಯ ಜಮೀನನ್ನು ತಮ್ಮ ಗಡಿಯೊಳಗೆ ಸೇರಿಸಿಕೊಂಡವು. ಒಮ್ಮೆ ಪಟ್ಟಣದ ಗಡಿಯೊಳಗೆ ಬಂದರೆ ಅಲ್ಲಿಗೆ ಕೌಂಟಿಯ ನಿಯಮ ನಡೆಯುವುದಿಲ್ಲ. ಪಟ್ಟಣಕ್ಕೆ ತೆರಿಗೆ, ಕಂಪನಿಗೆ ಅನುಮತಿ.

ಮಿಸಿಸಿಪ್ಪಿ ನದಿಯ ಆಚೆ ದಡದಲ್ಲಿ, ಮಿನ್ನೆಸೋಟಾದ ವಿನೋನಾ ಕೌಂಟಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2016ರ ನವೆಂಬರಿನಲ್ಲಿ ಕೈಗಾರಿಕಾ ಮರಳಿನ ಹೊಸ ಗಣಿಗಾರಿಕೆಯನ್ನೇ ನಿಷೇಧಿಸಿತು. ಕಟ್ಟಡದ ಮರಳಿಗೆ ಅಡ್ಡಿಯಿಲ್ಲ, ಬಾವಿಗೆ ಹೋಗುವ ಮರಳಿಗೆ ಮಾತ್ರ ಇಲ್ಲ. ಮಿನ್ನೆಸೋಟಾ ಸ್ಯಾಂಡ್ಸ್ ಎಂಬ ಕಂಪನಿ ಕೋರ್ಟಿಗೆ ಹೋಗಿ, ಇದು ರಾಜ್ಯಗಳ ನಡುವಿನ ವ್ಯಾಪಾರಕ್ಕೆ ಅಡ್ಡಿ, ಹೊರಗೆ ಹೋಗುವ ಸರಕನ್ನೇ ಹುಡುಕಿ ನಿಲ್ಲಿಸಿದ್ದಾರೆ ಎಂದು ವಾದಿಸಿತು. 2020ರ ಮಾರ್ಚಿನಲ್ಲಿ ಮಿನ್ನೆಸೋಟಾ ಸುಪ್ರೀಂ ಕೋರ್ಟು ಕೌಂಟಿಯ ನಿಷೇಧವನ್ನು ಎತ್ತಿಹಿಡಿಯಿತು.

ದೂಳಿನ ಹಳೆಯ ಲೆಕ್ಕ

ಜನ ಹೆದರಿದ್ದು ಸುಮ್ಮನೆ ಅಲ್ಲ. ಸ್ಫಟಿಕವನ್ನು ಒಡೆದಾಗ ಏಳುವ, ಕಣ್ಣಿಗೆ ಕಾಣದಷ್ಟು ಸಣ್ಣ ದೂಳು ಶ್ವಾಸಕೋಶದ ಆಳಕ್ಕೆ ಇಳಿದು ಗಾಯ ಮಾಡುತ್ತದೆ. ಗಾಯ ಗಟ್ಟಿಯಾಗುತ್ತಾ ಉಸಿರು ಕಿರಿದಾಗುತ್ತದೆ. ಇದು ಸಿಲಿಕೋಸಿಸ್. ಇದನ್ನು ಗುಣಪಡಿಸುವ ಔಷಧಿ ಇಲ್ಲ. ಅಮೆರಿಕ ಇದನ್ನು 1930ರ ದಶಕದಲ್ಲೇ ಕಂಡಿತ್ತು. ಪಶ್ಚಿಮ ವರ್ಜೀನಿಯಾದ ಹಾಕ್ಸ್ ನೆಸ್ಟ್ ಸುರಂಗ ಕೊರೆದ ನೂರಾರು ಕೂಲಿಗಳು ಈ ದೂಳಿಗೆ ಬಲಿಯಾದರು. ಅವರಲ್ಲಿ ಬಹುಪಾಲು ಕಪ್ಪು ಜನ.

ಕನ್ನಡ ನಾಡಿಗೂ ಈ ರೋಗ ಗುರುತಿನದೇ. ಭಾರತದಲ್ಲಿ ಸಿಲಿಕೋಸಿಸ್‌ನ ವ್ಯಾಪಕ ಹಾವಳಿ ಮೊದಲು ವೈದ್ಯಕೀಯವಾಗಿ ದಾಖಲಾದದ್ದು 1940ರ ದಶಕದಲ್ಲಿ, ಕೋಲಾರದ ಚಿನ್ನದ ಗಣಿಯಲ್ಲಿ. ತಪಾಸಣೆಗೆ ಒಳಗಾದ 7,000ಕ್ಕೂ ಹೆಚ್ಚು ಕಾರ್ಮಿಕರಲ್ಲಿ ಹತ್ತರಲ್ಲಿ ನಾಲ್ವರಿಗೂ ಹೆಚ್ಚು ಮಂದಿಗೆ ಅದು ಅಂಟಿತ್ತು. ಇತ್ತೀಚಿನ ಕಥೆ ಗುಜರಾತಿನ ಗೋಧ್ರಾದ್ದು. ಅಲ್ಲಿನ ಸ್ಫಟಿಕ ಪುಡಿಮಾಡುವ ಕಾರ್ಖಾನೆಗಳಿಗೆ ಮಧ್ಯಪ್ರದೇಶದಿಂದ ಕೂಲಿಗೆ ಹೋದ ಆದಿವಾಸಿಗಳಲ್ಲಿ ಸತ್ತ 238 ಮಂದಿಯ ಕುಟುಂಬಗಳಿಗೆ ತಲಾ 3 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ 2016ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು.

ಎಣ್ಣೆಬಾವಿಯ ಮರಳಿನ ವಿಷಯದಲ್ಲಿ ದೂಳು ಹೆಚ್ಚು ಕಾಡಿದ್ದು ಬಾವಿಯ ಬಳಿಯ ಕೆಲಸಗಾರರನ್ನು. ಒಣ ಮರಳನ್ನು ಗಾಳಿಯ ಒತ್ತಡದಿಂದ ಪೆಟ್ಟಿಗೆಗೆ ತುಂಬಿ, ಪಟ್ಟಿಯ ಮೇಲೆ ಸಾಗಿಸಿ, ನೀರಿಗೆ ಕಲಸುವ ಪ್ರತಿ ಹಂತದಲ್ಲೂ ದೂಳು ಏಳುತ್ತದೆ. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ಐದು ರಾಜ್ಯಗಳ 11 ಜಾಗಗಳಲ್ಲಿ ಅಳೆದು 2012ರಲ್ಲಿ ಎಚ್ಚರಿಕೆ ಹೊರಡಿಸಿತು. ನಾಲ್ಕರಲ್ಲಿ ಮೂರಕ್ಕೂ ಹೆಚ್ಚು ಮಾದರಿಗಳಲ್ಲಿ ದೂಳು ಆ ಸಂಸ್ಥೆ ಸೂಚಿಸಿದ ಮಿತಿಗಿಂತ ಮೇಲಿತ್ತು. 2016ರಲ್ಲಿ ಸರ್ಕಾರ ಕೆಲಸದ ಜಾಗದ ಗಾಳಿಯಲ್ಲಿ ಸಿಲಿಕಾದ ಮಿತಿಯನ್ನು ಘನ ಮೀಟರಿಗೆ 50 ಮೈಕ್ರೊಗ್ರಾಮಿಗೆ ಇಳಿಸಿತು.

ಚಿರೋಟಿ ರವೆ ಗೆದ್ದದ್ದು

2014ರ ಜೂನಿನಲ್ಲಿ ಕಚ್ಚಾ ಎಣ್ಣೆ ಬ್ಯಾರೆಲ್ಲಿಗೆ 100 ಡಾಲರಿನ ಮೇಲಿತ್ತು. ಆ ನವೆಂಬರಿನಲ್ಲಿ ಒಪೆಕ್ ದೇಶಗಳು ಉತ್ಪಾದನೆ ಕಡಿತ ಮಾಡುವುದಿಲ್ಲ ಎಂದವು. 2016ರ ಆರಂಭದಲ್ಲಿ ಬೆಲೆ 30 ಡಾಲರಿಗಿಂತ ಕೆಳಗೆ ಬಿತ್ತು. ಬಾವಿ ತೋಡುವುದು ನಿಂತಂತೆ ವಿಸ್ಕಾನ್ಸಿನ್ನಿನ ಗಣಿಗಳಲ್ಲಿ ಪಾಳಿಗಳು ಕಡಿತಗೊಂಡವು. ಇದು ಉದ್ಯಮದ ಏರಿಳಿತ, ಮತ್ತೆ ಸರಿಹೋಗುತ್ತದೆ ಎಂದು ಎಲ್ಲರೂ ಕಾದರು.

ಎಣ್ಣೆ ಸರಿಹೋಯಿತು. ಮರಳಿನ ಲೆಕ್ಕ ಮಾತ್ರ ಬದಲಾಗಿಹೋಗಿತ್ತು. ಬೆಲೆ ಕುಸಿದ ಎರಡು ವರ್ಷಗಳಲ್ಲಿ ಎಣ್ಣೆ ಕಂಪನಿಗಳು ಪೈಸೆ ಪೈಸೆ ಎಣಿಸಿದವು. ನೀರಿನ ವಿಧಾನಕ್ಕೆ ದಪ್ಪ ಕಾಳಿಗಿಂತ ಸಣ್ಣ ಕಾಳೇ ವಾಸಿ, ಉಪ್ಪಿಟ್ಟಿನ ರವೆಗಿಂತ ಚಿರೋಟಿ ರವೆ ಬಿರುಕಿನ ಒಳಕ್ಕೆ ಹೆಚ್ಚು ದೂರ ಹೋಗುತ್ತದೆ ಎಂಬ ಅಭಿಪ್ರಾಯ ಬೇರೂರಿತು. ಸಣ್ಣ ಕಾಳು ಸಾಕೆಂದಾದರೆ ವಿಸ್ಕಾನ್ಸಿನ್ನಿನ ಹಿರಿಮೆ ಅರ್ಧ ಕರಗಿತು. ಪಶ್ಚಿಮ ಟೆಕ್ಸಾಸಿನ ದಿಬ್ಬಗಳಲ್ಲಿ ಇದ್ದದ್ದೇ ಸಣ್ಣ ಕಾಳು. ಅದರ ದುಂಡುತನ ಕಡಿಮೆ, ಒತ್ತಡ ತಡೆಯುವ ಶಕ್ತಿಯೂ ಕಡಿಮೆ. ಆದರೆ ಬಾವಿ ಲಾರಿಯ ದೂರದಲ್ಲಿತ್ತು. ರೈಲಿನ ಬಾಡಿಗೆಯೇ ಇಲ್ಲ.

2017ರ ಜುಲೈನಲ್ಲಿ ಹೈ-ಕ್ರಶ್ ಕಂಪನಿ ಕರ್ಮಿಟ್ ಬಳಿ ಮೊದಲ ಗಣಿ ಆರಂಭಿಸಿತು. ವಿಸ್ಕಾನ್ಸಿನ್ನಿನ ಹಲವು ಗಣಿಗಳ ಒಡೆತನವೂ ಇದೇ ಕಂಪನಿಯದ್ದು ಎಂಬುದನ್ನು ಗಮನಿಸಬೇಕು. ಉತ್ತರದ ಮರಳನ್ನು ಮಾರುತ್ತಿದ್ದವರೇ ದಕ್ಷಿಣದ ಮರಳಿಗೆ ಇಳಿದಿದ್ದರು. ಬೇರೆಯವರೂ ಹಿಂದೆಯೇ ಬಂದರು. ಒಂದೆರಡು ವರ್ಷಗಳಲ್ಲಿ ಅಲ್ಲಿ ಹತ್ತಕ್ಕೂ ಹೆಚ್ಚು ಗಣಿಗಳಾದವು. ಮರಳು ಹೇರಳವಾಯಿತು, ಬೆಲೆ ಬಿತ್ತು. 2019ರ ಜುಲೈನಲ್ಲಿ ಎಮರ್ಜ್, 2020ರ ಜೂನಿನಲ್ಲಿ ಕೋವಿಯಾ, ಜುಲೈನಲ್ಲಿ ಹೈ-ಕ್ರಶ್ ದಿವಾಳಿ ರಕ್ಷಣೆ ಕೋರಿ ಕೋರ್ಟಿಗೆ ಹೋದವು. ಕೊನೆಯ ಎರಡಕ್ಕೆ ಕೊರೊನಾದ ಹೊಡೆತವೂ ಸೇರಿತ್ತು.

ಹತ್ತಿರದ ಮರಳಿಗೂ ಅದರದೇ ಬೆಲೆ ಇದೆ. ಟೆಕ್ಸಾಸಿನ ಆ ದಿಬ್ಬಗಳಲ್ಲಿ ಮೊಣಕಾಲೆತ್ತರದ ಓಕ್ ಪೊದೆಗಳ ನಡುವೆ ಮಾತ್ರ ಬದುಕುವ ಒಂದು ಸಣ್ಣ ಹಲ್ಲಿ ಇದೆ. 2024ರ ಮೇ ತಿಂಗಳಲ್ಲಿ ಅದನ್ನು ಅಳಿವಿನ ಅಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಲಾಯಿತು. ದೂರ ಕಡಿಮೆ ಮಾಡುವ ಓಟವಂತೂ ನಿಂತಿಲ್ಲ. ಕರ್ಮಿಟ್‌ನಿಂದ ಬಾವಿಗಳ ಕಡೆಗೆ ಲಾರಿಯೂ ದುಬಾರಿಯೆಂದು ಅಟ್ಲಾಸ್ ಎಂಬ ಕಂಪನಿ 42 ಮೈಲಿ ಉದ್ದದ ಕನ್ವೇಯರ್ ಪಟ್ಟಿ ಹಾಕಿ, 2025ರ ಜನವರಿಯಿಂದ ನ್ಯೂ ಮೆಕ್ಸಿಕೊ ಗಡಿಯಾಚೆಗೆ ಮರಳು ಸಾಗಿಸುತ್ತಿದೆ.

ಉಳಿದದ್ದು

ವಿಸ್ಕಾನ್ಸಿನ್ನಿನಲ್ಲಿ ಎಲ್ಲ ಗಣಿಗಳೂ ಮುಚ್ಚಿಲ್ಲ. ಪೂರ್ವದ ಅನಿಲ ಕ್ಷೇತ್ರಗಳಿಗೆ, ಕೆನಡಾಕ್ಕೆ ಅಲ್ಲಿನ ಮರಳು ಈಗಲೂ ಹೋಗುತ್ತದೆ. ಆದರೆ ಎಷ್ಟೋ ಕಡೆ ಅರ್ಧ ಕಡಿದ ಗುಡ್ಡ, ತುಕ್ಕು ಹಿಡಿದ ಜರಡಿ ಗೋಪುರ ಉಳಿದಿವೆ. ಗಣಿಯಾದ ನೆಲಕ್ಕೆ ಮೇಲ್ಮಣ್ಣು ಮರಳಿ ಹಾಸಿ ಹುಲ್ಲು ಬೆಳೆಸಬಹುದು. ಮೊದಲಿನ ಇಳುವರಿ ಬರುವಂತೆ ಜೋಳ ಬೆಳೆಯುವುದು ಅಷ್ಟು ಸುಲಭವಲ್ಲ. ಗುಡ್ಡದ ಎತ್ತರವಂತೂ ಮರಳಿ ಬರುವುದಿಲ್ಲ.

ಆ ಹಳ್ಳಿಗಳ ಸಭೆಗಳಲ್ಲಿ ತಜ್ಞರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆ ಮರಳು ನಿಜಕ್ಕೂ ಪ್ರಪಂಚದ ಅತ್ಯುತ್ತಮ ಮರಳುಗಳಲ್ಲಿ ಒಂದು. ಆದರೆ ಕೊಳ್ಳುವವನಿಗೆ ಅತ್ಯುತ್ತಮವೇ ಬೇಕೆಂದಿರಲಿಲ್ಲ, ಕೆಲಸ ನಡೆದರೆ ಸಾಕಿತ್ತು. ನಮ್ಮ ಗುಡ್ಡದ ಕಲ್ಲು ಎಷ್ಟು ಚೆನ್ನ ಎಂದು ಎಲ್ಲರೂ ಕೇಳಿದರು. ಇದಕ್ಕಿಂತ ಕಳಪೆಯಾದದ್ದು ಬಾವಿಯ ಹತ್ತಿರ ಎಲ್ಲಾದರೂ ಇದೆಯೇ ಎಂದು ಕೇಳಿದವರು ಕಡಿಮೆ. 30 ವರ್ಷ ನಡೆಯುತ್ತದೆ ಎಂದುಕೊಂಡು ಕೊಟ್ಟ ಒಪ್ಪಿಗೆಗಳಲ್ಲಿ ಕೆಲವು ಐದಾರು ವರ್ಷಕ್ಕೇ ಮುಗಿದವು.

ಎಣ್ಣೆಯ ದರ, ರೈಲಿನ ಬಾಡಿಗೆ, ಕಾಳಿನ ಗಾತ್ರದ ಬಗ್ಗೆ ಎಂಜಿನಿಯರುಗಳ ಅಭಿಪ್ರಾಯ ಇವು ಯಾವುವೂ ಆ ಮೂವರು ಸದಸ್ಯರ ಕೈಯಲ್ಲಿರಲಿಲ್ಲ. ಅವರ ಕೈಯಲ್ಲಿ ಇದ್ದದ್ದು ಅನುಮತಿಯ ಕಾಗದದ ಷರತ್ತುಗಳು ಮಾತ್ರ: ಎಷ್ಟು ಎಕರೆ ಒಮ್ಮೆಗೆ ತೆರೆಯಬಹುದು, ಮೇಲ್ಮಣ್ಣು ಎಲ್ಲಿಡಬೇಕು, ಇಳಿಜಾರು ಎಷ್ಟಿರಬೇಕು, ಕಂಪನಿ ಓಡಿಹೋದರೆ ನೆಲ ಸರಿಪಡಿಸಲು ಎಷ್ಟು ಹಣ ಮೊದಲೇ ಠೇವಣಿ ಇಡಬೇಕು. ಮರಳಿಗೆ ಚಿನ್ನದ ಬೆಲೆ ಇದ್ದಾಗ ಇವೆಲ್ಲ ಕಿರಿಕಿರಿಯ ಸಾಲುಗಳಾಗಿ ಕಂಡಿದ್ದವು. ಕಂಪನಿಗಳು ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ ಊರಿನ ಪಾಲಿಗೆ ಉಳಿದ ಆಧಾರ ಆ ಸಾಲುಗಳೇ. ಠೇವಣಿಯನ್ನು ಸರಿಯಾಗಿ ಲೆಕ್ಕ ಹಾಕಿ ಇರಿಸಿಕೊಂಡ ಕಡೆ ಗುಡ್ಡದ ಗಾಯಕ್ಕೆ ಮಣ್ಣು ಮುಚ್ಚಲು ಹಣವಾದರೂ ಇತ್ತು.